ಹಳೆಯ ಡೀಸೆಲ್ ಪಿಕಪ್‌ಗಳ ಐಡ್ಲಿಂಗ್ ದೋಷ: ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯಲ್ಲಿ ಪತ್ತೆಯ ಕ್ರಮ

ಗಾಡಿ ನಿಂತಿದ್ದು, ಆಕ್ಸಿಲರೇಟರ್ ಮೇಲೆ ಕಾಲಿಲ್ಲದಿರುವಾಗಲೂ ಎಂಜಿನ್ ತನ್ನ ಪಾಡಿಗೆ ತಾನು ನಿಧಾನವಾಗಿ ಒಂದೇ ಲಯದಲ್ಲಿ ತಿರುಗುತ್ತಿರುವುದಕ್ಕೆ ಐಡ್ಲಿಂಗ್ ಎನ್ನುತ್ತಾರೆ. ಗ್ಯಾರೇಜಿನ ಮಾತಿನಲ್ಲಿ ಇದು ‘ಸ್ಲೋ’. ನಾಲ್ಕು ಸಿಲಿಂಡರಿನ ಡೀಸೆಲ್ ಪಿಕಪ್‌ಗಳಲ್ಲಿ ಇದು ಸಾಮಾನ್ಯವಾಗಿ ನಿಮಿಷಕ್ಕೆ 700ರಿಂದ 900 ಸುತ್ತು. ಗಾಡಿ ಹಳತಾದಂತೆ ಈ ಲಯ ಹಲವು ಬಗೆಯಲ್ಲಿ ಕೆಡುತ್ತದೆ. ಎಂಜಿನ್ ಸ್ಲೋನಲ್ಲಿ ನಿಲ್ಲದೆ ಆಫ್ ಆಗಬಹುದು, ವೇಗ ತಾನಾಗಿ ಏರಿ ಇಳಿಯಬಹುದು (ಇದನ್ನು ಹಂಟಿಂಗ್ ಎನ್ನುತ್ತಾರೆ), ಒಂದು ಸಿಲಿಂಡರ್ ಹೊತ್ತಿಕೊಳ್ಳದೆ ಮಿಸ್ಸಿಂಗ್ ಹೊಡೆದು ಇಡೀ ಗಾಡಿ ಕುಲುಕಬಹುದು, ಇಲ್ಲವೇ ಕಾಲು ತೆಗೆದರೂ ವೇಗ ಇಳಿಯದಿರಬಹುದು. ಹಾಸನ ಜಿಲ್ಲೆಯ ಅರಸೀಕೆರೆ ಮತ್ತು ಬೇಲೂರು ತಾಲ್ಲೂಕುಗಳಲ್ಲಿ, ಅವುಗಳ ನಡುವಿನ ಹಳೇಬೀಡು ಸೀಮೆಯಲ್ಲಿ ಓಡುವ ಹಳೆಯ ಗಾಡಿಗಳನ್ನು ಕಣ್ಣ ಮುಂದಿಟ್ಟುಕೊಂಡು ಈ ದೋಷವನ್ನು ಪತ್ತೆ ಮಾಡುವ ಬಗೆಯನ್ನು ಈ ಲೇಖನ ವಿವರಿಸುತ್ತದೆ. ಇದರ ವಾದ ಒಂದೇ: ಐಡ್ಲಿಂಗ್ ಕೆಟ್ಟಾಗ ಕೈ ಮೊದಲು ಹೋಗಬೇಕಾದದ್ದು ಡೀಸೆಲ್ ಟ್ಯಾಂಕಿನ ಕಡೆಗೆ, ಪಂಪಿನ ಸ್ಲೋ ಸ್ಕ್ರೂ ಮುಟ್ಟುವ ಸರದಿ ಎಲ್ಲಕ್ಕಿಂತ ಕೊನೆಯದು.

ಈ ಸೀಮೆಯ ದುಡಿಮೆಯೇ ಪಿಕಪ್‌ಗಳನ್ನು ಇಲ್ಲಿ ನೆಲೆಗೊಳಿಸಿದೆ. ಅರಸೀಕೆರೆಯ ಕಡೆ ತೆಂಗಿನಕಾಯಿ ಮತ್ತು ಕೊಬ್ಬರಿ, ಹಳೇಬೀಡಿನ ಸುತ್ತ ಆಲೂಗಡ್ಡೆ, ಶುಂಠಿ, ಜೋಳ, ಬೇಲೂರಿನ ಪಶ್ಚಿಮಕ್ಕೆ ಕಾಫಿ, ಮೆಣಸು. ತೋಟದಿಂದ ಮಂಡಿಗೆ, ಮಂಡಿಯಿಂದ ಚಾರ್ಮಾಡಿ ಘಾಟಿ ಇಳಿದು ಕರಾವಳಿಗೆ ಸಾಗಿಸಲು ಒಂದು, ಒಂದೂವರೆ ಟನ್ ಹೊರುವ ಗಾಡಿಯೇ ಅನುಕೂಲ. ಟಾಟಾದವರ ಟಾಟಾಮೊಬೈಲ್ 1988ರಲ್ಲಿ ಬಂತು. ಅದರ ಮುಂದಿನ ಪೀಳಿಗೆಯೇ ಟಾಟಾ 207. ಮಹೀಂದ್ರಾದ ಹಳೆಯ ಜೀಪು ಮಾದರಿಯ ಪಿಕಪ್‌ಗಳಲ್ಲಿ ಫ್ರಾನ್ಸಿನ ಪ್ಯೂಜೋ ವಿನ್ಯಾಸದ ಡೀಸೆಲ್ ಎಂಜಿನ್ ಇತ್ತು. ಬೊಲೆರೊ ಪಿಕಪ್‌ಗೆ 2523 ಸಿಸಿಯ ಡಿಐ ಎಂಜಿನ್ ಬಂತು. 2005ರಲ್ಲಿ 702 ಸಿಸಿಯ ಎರಡು ಸಿಲಿಂಡರಿನ ಟಾಟಾ ಏಸ್ ಹಳ್ಳಿಯ ಓಣಿಗೂ ಇಳಿಯಿತು. ಇವುಗಳಲ್ಲಿ ಹಲವು ಎರಡು, ಮೂರು ಕೈ ದಾಟಿ ಇಂದಿಗೂ ದುಡಿಯುತ್ತಿವೆ. ಇವುಗಳ ಡೀಸೆಲ್ ಪಂಪು ಮತ್ತು ಡೀಸೆಲ್ ಚಿಮ್ಮಿಸುವ ನಾಝಲ್‌ಗಳ ಕಥೆಯೂ ಕರ್ನಾಟಕದ್ದೇ. 1951ರಲ್ಲಿ ಆರಂಭವಾದ, ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೊ, ದೇಶದ ಡೀಸೆಲ್ ಗಾಡಿಗಳಿಗೆ ದಶಕಗಳ ಕಾಲ ಪಂಪು ಒದಗಿಸಿತು. 2008ರಲ್ಲಿ ಅದರ ಹೆಸರು ಬಾಷ್ ಎಂದು ಬದಲಾದರೂ ಹಳಬರ ಬಾಯಲ್ಲಿ ಅದು ಇನ್ನೂ ಮೈಕೊ ಪಂಪೇ.

ಐಡ್ಲಿಂಗ್ ಏಕೆ ಇಷ್ಟು ಸೂಕ್ಷ್ಮ ಎಂಬುದಕ್ಕೆ ಸಣ್ಣದೊಂದು ಲೆಕ್ಕ ಸಾಕು. ಎರಡೂವರೆ ಲೀಟರಿನ ಎಂಜಿನ್ ಸ್ಲೋನಲ್ಲಿ ಗಂಟೆಗೆ ಮುಕ್ಕಾಲು ಲೀಟರ್ ಡೀಸೆಲ್ ಕುಡಿಯುತ್ತದೆ ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ 800 ಸುತ್ತು ತಿರುಗುವ ನಾಲ್ಕು ಸ್ಟ್ರೋಕಿನ ಎಂಜಿನ್‌ನಲ್ಲಿ ಪ್ರತಿ ಸಿಲಿಂಡರಿಗೆ 400 ಸಲ, ನಾಲ್ಕಕ್ಕೂ ಸೇರಿ 1600 ಸಲ ಡೀಸೆಲ್ ಚಿಮ್ಮಬೇಕು. ಭಾಗಿಸಿದರೆ ಒಂದು ಸಲಕ್ಕೆ ಸಿಗುವುದು ಸುಮಾರು 8 ಘನ ಮಿಲಿಮೀಟರ್. ನೀರಿನ ಒಂದು ಹನಿಯೇ ಸುಮಾರು 50 ಘನ ಮಿಲಿಮೀಟರ್ ಇರುವಾಗ, ಇದು ಅದರ ಆರನೇ ಒಂದು ಪಾಲು. ಅದೇ ಎಂಜಿನ್ ಪೂರ್ತಿ ಲೋಡು ಹೊತ್ತು ಏರು ಹತ್ತುವಾಗ ಒಂದು ಸಲಕ್ಕೆ ಇದರ ಐದಾರು ಪಟ್ಟು ಡೀಸೆಲ್ ಹೋಗುತ್ತದೆ. ಈಗ ಒಂದು ನಾಝಲ್ ಸವೆದು 2 ಘನ ಮಿಲಿಮೀಟರಿನಷ್ಟು ಕಡಿಮೆ ಕೊಡುತ್ತಿದೆ ಎನ್ನಿ. ಏರು ಹತ್ತುವಾಗ ಆ ಕೊರತೆ ನೂರಕ್ಕೆ ನಾಲ್ಕೈದು ಪಾಲು. ಡ್ರೈವರಿಗೆ ಗೊತ್ತೇ ಆಗದು. ಸ್ಲೋನಲ್ಲಿ ಅದೇ ಕೊರತೆ ಕಾಲು ಪಾಲು, ಆ ಸಿಲಿಂಡರ್ ಹೊತ್ತಿಕೊಳ್ಳದೇ ಹೋಗಲು ಸಾಕು. ರಸ್ತೆಯಲ್ಲಿ ಚೆನ್ನಾಗಿ ಎಳೆಯುವ ಗಾಡಿ ಮಂಡಿಯ ಸಾಲಿನಲ್ಲಿ ನಿಂತಾಗ ಮಾತ್ರ ತೊಂದರೆ ಕೊಡುವುದು ಈ ಕಾರಣಕ್ಕೆ. ಎಂಜಿನ್ನಿನ ಯಾವುದೇ ಭಾಗದ ಸಣ್ಣ ಸವೆತವೂ ಮೊದಲು ಕಾಣಿಸಿಕೊಳ್ಳುವ ಜಾಗ ಐಡ್ಲಿಂಗ್. ದೋಷ ಅಲ್ಲಿ ಕಂಡಿತೆಂದ ಮಾತ್ರಕ್ಕೆ ಅದು ಹುಟ್ಟಿದ್ದೂ ಅಲ್ಲೇ ಎನ್ನುವಂತಿಲ್ಲ.

ಸ್ಲೋ ವೇಗವನ್ನು ಹಿಡಿದಿಡುವ ಕೆಲಸ ಪಂಪಿನೊಳಗಿನ ಗವರ್ನರಿನದು. ಎಂಜಿನ್ನಿನೊಂದಿಗೆ ತಿರುಗುವ ತೂಕಗಳು ವೇಗ ಹೆಚ್ಚಿದರೆ ಹೊರಕ್ಕೆ ಹರಡಿ ಡೀಸೆಲ್ ಕಡಿತ ಮಾಡುತ್ತವೆ. ವೇಗ ಇಳಿದರೆ ಸ್ಪ್ರಿಂಗ್ ಅವನ್ನು ಒಳಕ್ಕೆ ತಳ್ಳಿ ಡೀಸೆಲ್ ಹೆಚ್ಚಿಸುತ್ತದೆ. ಸ್ಲೋ ಸ್ಕ್ರೂ ಈ ಎರಡರ ನಡುವಿನ ಸಮತೋಲದ ಬಿಂದುವನ್ನು ಮೇಲೆ ಕೆಳಗೆ ಸರಿಸುತ್ತದೆ, ಅಷ್ಟೆ. ಡೀಸೆಲ್‌ನಲ್ಲಿ ಗಾಳಿ ಸೇರಿದ್ದರೆ, ನಾಝಲ್ ಸೋರುತ್ತಿದ್ದರೆ, ಕಂಪ್ರೆಷನ್ ಕುಸಿದಿದ್ದರೆ ಅದನ್ನು ಸರಿಪಡಿಸುವ ಶಕ್ತಿ ಆ ಸ್ಕ್ರೂಗೆ ಇಲ್ಲ. ಆದರೂ ‘ಸ್ಲೋ ನಿಲ್ತಿಲ್ಲ’ ಎಂದೊಡನೆ ಸ್ಕ್ರೂ ತಿರುಗಿಸಿ ವೇಗ ಏರಿಸುವುದು ಎಲ್ಲೆಡೆ ಕಾಣುವ ಪದ್ಧತಿ. ಅದಕ್ಕೊಂದು ಸಮರ್ಥನೆಯೂ ಇದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಕಾಯಿ ತುಂಬಿದ ಗಾಡಿ ಹೊತ್ತಿಗೆ ಸರಿಯಾಗಿ ಮಂಡಿ ಸೇರಬೇಕು; ಒಂದು ದಿನ ಗ್ಯಾರೇಜಿನಲ್ಲಿ ನಿಂತರೆ ಬಾಡಿಗೆ ಹೋಯಿತು; ಸ್ಕ್ರೂ ಅರ್ಧ ಸುತ್ತು ತಿರುಗಿಸಿದರೆ ಗಾಡಿ ಆಫ್ ಆಗುವುದು ನಿಲ್ಲುತ್ತದೆ. ಆ ದಿನದ ಮಟ್ಟಿಗೆ ಇದು ನಿಜ. ಆದರೆ ವೇಗ ಏರಿದಾಗ ಮೂಲ ದೋಷದ ಗುರುತೇ ಅಳಿಸಿಹೋಗುತ್ತದೆ. ಒಂದು ಸಿಲಿಂಡರ್ ಹೊತ್ತಿಕೊಳ್ಳದಿದ್ದರೂ ಉಳಿದ ಮೂರು ಅದನ್ನು ಎಳೆದುಕೊಂಡು ಹೋಗುತ್ತವೆ. ಉರಿಯದ ಡೀಸೆಲ್ ಆ ಸಿಲಿಂಡರಿನ ಗೋಡೆಯಲ್ಲಿ ಆಯಿಲ್ ಪದರವನ್ನು ತೊಳೆದು, ರಿಂಗುಗಳನ್ನು ದಾಟಿ ಕೆಳಗಿಳಿದು ಎಂಜಿನ್ ಆಯಿಲನ್ನು ತೆಳುವಾಗಿಸುತ್ತದೆ. ಕೆಲವು ನೂರು ರೂಪಾಯಿಯಲ್ಲಿ ಮುಗಿಯಬೇಕಿದ್ದ ಕೆಲಸ ತಿಂಗಳುಗಳ ಮೇಲೆ ಬೋರ್ ಕೆಲಸವಾಗಿ (ಸವೆದ ಸಿಲಿಂಡರನ್ನೇ ಕೊರೆದು ಸರಿಪಡಿಸುವುದು) ತಿರುಗುವುದು ಹೀಗೆ. ತುರ್ತಿಗೆ ಸ್ಕ್ರೂ ಏರಿಸಲೇಬೇಕಾದರೆ ಎಷ್ಟು ಸುತ್ತು ತಿರುಗಿಸಿದೆವೆಂದು ಬಣ್ಣದಲ್ಲಿ ಗುರುತು ಹಾಕಿಕೊಂಡು, ದೋಷ ಹುಡುಕುವ ಮುನ್ನ ಅದನ್ನು ಮೊದಲಿನ ಜಾಗಕ್ಕೇ ತರಬೇಕು.

ಹುಡುಕಾಟಕ್ಕೆ ಇಳಿಯುವ ಮುನ್ನ ಐಡ್ಲಿಂಗ್ ದೋಷದಂತೆ ತೋರುವ, ಆದರೆ ಎಂಜಿನ್ನಿಗೆ ಸಂಬಂಧವಿಲ್ಲದ ಒಂದೆರಡು ಸಂಗತಿಗಳನ್ನು ಬದಿಗಿಡಬೇಕು. ಎಂಜಿನ್ ಮೌಂಟಿಂಗ್ ರಬ್ಬರ್ ಹರಿದಿದ್ದರೆ ಲಯ ಸರಿಯಿದ್ದರೂ ಗಾಡಿ ನಡುಗುತ್ತದೆ. ಬಾನೆಟ್ ತೆಗೆದು ಎಂಜಿನ್ ಸದ್ದನ್ನು ಮಾತ್ರ ಆಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಬೇಲೂರು ಕಡೆಯ ಮಳೆಗೆ ಆಕ್ಸಿಲರೇಟರ್ ಕೇಬಲ್ ಒಳಗೇ ತುಕ್ಕು ಹಿಡಿದು ಹಿಂದಕ್ಕೆ ಸರಿಯದೇ ಹೋದರೆ ಸ್ಲೋ ಏರಿಯೇ ನಿಲ್ಲುತ್ತದೆ. ಕೇಬಲ್ ಬಿಚ್ಚಿ ಪಂಪಿನ ಲಿವರನ್ನು ಕೈಯಲ್ಲಿ ಆಡಿಸಿ ನೋಡುವುದು ಎರಡು ನಿಮಿಷದ ಕೆಲಸ. ರೋಟರಿ ಪಂಪುಗಳಲ್ಲಿ ಡೀಸೆಲ್ ನಿಲ್ಲಿಸುವ ವಿದ್ಯುತ್ ಸೊಲೆನಾಯ್ಡ್ ಇರುತ್ತದೆ. ಅದರ ವೈರು ಸಡಿಲವಾಗಿದ್ದರೆ ಗುಂಡಿ ಸಿಕ್ಕಾಗಲೆಲ್ಲ ಎಂಜಿನ್ ಒಮ್ಮೆಲೇ ಆಫ್ ಆಗುತ್ತದೆ. ತಡಬಡಿಸದೆ ಸ್ವಿಚ್ ಒತ್ತಿದಂತೆ ನಿಂತರೆ ಸಂಶಯ ಮೊದಲು ವೈರಿನ ಮೇಲೆ ಹೋಗಬೇಕು. ವೇಗ ತಾನಾಗಿ ಏರುತ್ತಲೇ ಹೋದರೆ ಮಾತ್ರ ಎಚ್ಚರ ಬೇಕು. ಎಣ್ಣೆ ತೊಟ್ಟಿಯ ಏರ್ ಕ್ಲೀನರಿಗೆ ಗೆರೆ ಮೀರಿ ಆಯಿಲ್ ತುಂಬಿಸಿದ್ದರೆ ಎಂಜಿನ್ ಆ ಆಯಿಲನ್ನೇ ಎಳೆದುಕೊಂಡು ಉರಿಸಬಲ್ಲದು. ಆಗ ಡೀಸೆಲ್ ನಿಲ್ಲಿಸಿದರೂ ಎಂಜಿನ್ ನಿಲ್ಲುವುದಿಲ್ಲ.

ಮುಖ್ಯ ಸಾಕ್ಷಿ ಸಿಗುವುದು ದೋಷ ಯಾವಾಗ ಕಾಣಿಸುತ್ತದೆ ಎಂಬುದರಿಂದ. ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಮೊದಲ ಸೆಲ್ಫ್‌ಗೇ ಚಾಲೂ ಆಗಿ, ಕೆಲವು ಸೆಕೆಂಡು ಓಡಿ, ಆಮೇಲೆ ತಡಬಡಿಸಿ ಆಫ್ ಆದರೆ, ಹ್ಯಾಂಡ್ ಪಂಪು ಒತ್ತಿದ ಮೇಲೆ ಸರಿಹೋದರೆ, ಟ್ಯಾಂಕಿನಿಂದ ಪಂಪಿಗೆ ಬರುವ ದಾರಿಯಲ್ಲಿ ಎಲ್ಲೋ ಗಾಳಿ ನುಗ್ಗುತ್ತಿದೆ ಎಂದರ್ಥ. ಪಂಪಿನೊಳಗೆ ಉಳಿದಿದ್ದ ಡೀಸೆಲ್‌ನಲ್ಲಿ ಮೊದಲ ಕೆಲವು ಸೆಕೆಂಡು ಕಳೆಯುತ್ತವೆ. ಆಮೇಲೆ ಬರುವುದು ಗುಳ್ಳೆ. ಟ್ಯಾಂಕಿನಲ್ಲಿ ಡೀಸೆಲ್ ಕಾಲು ಭಾಗಕ್ಕಿಂತ ಕಡಿಮೆಯಾದಾಗ, ಮೂತಿ ಮೇಲಾಗಿ ಏರಿನಲ್ಲಿ ನಿಲ್ಲಿಸಿದಾಗ ದೋಷ ಹೆಚ್ಚಾದರೆ ಈ ಊಹೆ ಇನ್ನಷ್ಟು ಗಟ್ಟಿಯಾಗುತ್ತದೆ. ‘ಪೈಪಿನಿಂದ ಒಂದು ಹನಿಯೂ ಸೋರುತ್ತಿಲ್ಲ, ಗಾಳಿ ಹೇಗೆ ಹೋಗುತ್ತದೆ?’ ಎಂದು ಗಾಡಿಯವರು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ. ಟ್ಯಾಂಕು ಕೆಳಗೆ, ಪಂಪು ಮೇಲೆ ಇರುವುದರಿಂದ ಎಂಜಿನ್ ಓಡುವಾಗ ಈ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಬಿರುಕು ಬಿಟ್ಟ ಹೋಸ್‌ನಲ್ಲಿ, ಸಡಿಲವಾದ ಕ್ಲಿಪ್ಪಿನಲ್ಲಿ, ಎರಡನೇ ಸಲ ಬಳಸಿದ ತಾಮ್ರದ ವಾಷರಿನಲ್ಲಿ ಡೀಸೆಲ್ ಹೊರಕ್ಕೆ ಬಾರದೆ ಗಾಳಿ ಒಳಕ್ಕೆ ಹೋಗುತ್ತದೆ. ಹೊರಗೆ ಒಣಗಿರುವ ಪೈಪು ನಿರ್ದೋಷಿ ಎನ್ನುವ ತರ್ಕ ಇಲ್ಲಿ ನಡೆಯುವುದಿಲ್ಲ.

ಇದನ್ನು ಕಣ್ಣಾರೆ ಕಾಣಲು ಫಿಲ್ಟರಿನಿಂದ ಪಂಪಿಗೆ ಹೋಗುವ ರಬ್ಬರ್ ಪೈಪಿನ ಬದಲು ಒಂದಡಿ ಉದ್ದದ ಪಾರದರ್ಶಕ ಪೈಪು ಹಾಕಿ ಎಂಜಿನ್ ಚಾಲೂ ಮಾಡಬೇಕು. ಆರೋಗ್ಯವಾಗಿರುವ ಗಾಡಿಯಲ್ಲಿ ಆ ಪೈಪು ತುಂಬಿದಂತೆಯೇ ಕಾಣುತ್ತದೆ. ಡೀಸೆಲ್ ಹರಿಯುತ್ತಿದೆಯೋ ನಿಂತಿದೆಯೋ ಹೇಳಲಾಗದಷ್ಟು ನಿಶ್ಚಲ. ಗಾಳಿ ಹಿಡಿದ ಗಾಡಿಯಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ತೇಲಿ ಬರುತ್ತವೆ. ಗುಳ್ಳೆಗಳ ಗುಂಪು ಪಂಪು ಸೇರಿದ ಸ್ವಲ್ಪ ಹೊತ್ತಿಗೆ ಸದ್ದು ಕುಗ್ಗುತ್ತದೆ, ಗವರ್ನರ್ ಡೀಸೆಲ್ ಹೆಚ್ಚಿಸುತ್ತದೆ, ಅಷ್ಟರಲ್ಲಿ ಗುಳ್ಳೆ ದಾಟಿಹೋಗಿರುವುದರಿಂದ ವೇಗ ಜಿಗಿಯುತ್ತದೆ, ಗವರ್ನರ್ ಮತ್ತೆ ಕಡಿತ ಮಾಡುತ್ತದೆ. ಹಂಟಿಂಗ್ ಎಂದು ಪಂಪಿನ ಮೇಲೆ ಹೊರಿಸುವ ಆರೋಪದಲ್ಲಿ ಎಷ್ಟೋ ಸಲ ನಡೆಯುತ್ತಿರುವುದು ಇದು. ಗವರ್ನರ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿರುತ್ತದೆ. ಅದಕ್ಕೆ ಸಿಗುವ ಡೀಸೆಲ್ ಸರಿಯಿರುವುದಿಲ್ಲ.

ಪಾರದರ್ಶಕ ಪೈಪಿಗಿಂತಲೂ ನಿರ್ಣಾಯಕವಾದದ್ದು ಕ್ಯಾನ್ ಪರೀಕ್ಷೆ. ಗಾಡಿಯ ಟ್ಯಾಂಕು, ಪೈಪು, ಫಿಲ್ಟರ್ ಎಲ್ಲವನ್ನೂ ಬಿಟ್ಟು, ಚೊಕ್ಕ ಡೀಸೆಲ್ ತುಂಬಿದ ಐದು ಲೀಟರ್ ಕ್ಯಾನಿನಿಂದ ನೇರವಾಗಿ ಪಂಪಿಗೆ ಪೈಪು ಕೊಡುವುದು; ಪಂಪಿನಿಂದ ಹಿಂದಿರುಗುವ ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಡುವುದು; ಗಾಳಿ ತೆಗೆದು ಎಂಜಿನ್ ಓಡಿಸುವುದು. ಲಯ ಸರಿಹೋದರೆ ಪಂಪು, ನಾಝಲ್, ಸಿಲಿಂಡರ್ ಮೂರೂ ಒಂದೇ ಪೆಟ್ಟಿಗೆ ಖುಲಾಸೆ. ಸರಿಹೋಗದಿದ್ದರೆ ಟ್ಯಾಂಕಿನ ಕಡೆ ಹುಡುಕಿ ಹೊತ್ತು ಕಳೆಯಬೇಕಿಲ್ಲ. ಅನುಭವಿ ಮಿಸ್ತ್ರಿ ಇಲ್ಲಿ ಒಂದು ತೊಡಕನ್ನು ಎತ್ತಿ ತೋರಿಸಬಹುದು. ಕ್ಯಾನನ್ನು ಬಾನೆಟ್ ಎತ್ತರಕ್ಕೆ ತೂಗುಹಾಕಿದರೆ ಡೀಸೆಲ್ ತನ್ನ ತೂಕಕ್ಕೇ ಇಳಿದು ಬರುತ್ತದೆ. ಟ್ಯಾಂಕಿನಿಂದ ಡೀಸೆಲ್ ಎಳೆದುಕೊಡುವ ಫೀಡ್ ಪಂಪು ಸೋತಿದ್ದರೂ ಅದು ಮರೆಯಾಗುತ್ತದೆ. ಮಾತು ಸರಿ. ಆದ್ದರಿಂದಲೇ ಪರೀಕ್ಷೆಯನ್ನು ಎರಡು ಸಲ ಮಾಡಬೇಕು: ಒಮ್ಮೆ ಕ್ಯಾನ್ ಮೇಲಿಟ್ಟು, ಇನ್ನೊಮ್ಮೆ ಟ್ಯಾಂಕಿನ ಮಟ್ಟಕ್ಕೆ ನೆಲದ ಮೇಲಿಟ್ಟು. ಎರಡರಲ್ಲೂ ಸರಿಯಿದ್ದರೆ ತಪ್ಪು ಗಾಡಿಯ ಟ್ಯಾಂಕು, ಪೈಪು ಅಥವಾ ಫಿಲ್ಟರಿನದು. ಮೇಲಿಟ್ಟಾಗ ಸರಿಯಾಗಿ ಕೆಳಗಿಟ್ಟಾಗ ಕೆಟ್ಟರೆ ಫೀಡ್ ಪಂಪಿನ ವಾಲ್ವು, ಡಯಾಫ್ರಮ್ ಅಥವಾ ಪ್ಲಂಜರ್, ಇಲ್ಲವೇ ರೋಟರಿ ಪಂಪಿನೊಳಗಿನ ವೇನ್‌ಗಳು ಸವೆದಿವೆ. ಎರಡರಲ್ಲೂ ಕೆಟ್ಟರೆ ಮುಂದಿನ ಹೆಜ್ಜೆ ನಾಝಲ್ ಕಡೆಗೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಖಚಿತ ಉತ್ತರ ಕೊಡುವ ಪರೀಕ್ಷೆ ಇನ್ನೊಂದಿಲ್ಲ. ಪಂಪು ಬಿಚ್ಚುವ ಮುನ್ನ ಇದನ್ನು ಮಾಡದೇ ಇರುವುದಕ್ಕೆ ಯಾವ ನೆಪವೂ ಸಲ್ಲದು.

ಟ್ಯಾಂಕಿನ ಕಡೆಯ ದೋಷಗಳಿಗೆ ಈ ಸೀಮೆಯ ಹವೆ ಮತ್ತು ರೂಢಿ ಎರಡೂ ಇಂಬು ಕೊಡುತ್ತವೆ. ಅರಸೀಕೆರೆ ಬಯಲುಸೀಮೆ, ಬೇಸಿಗೆಯಲ್ಲಿ ತೋಟದ ಕಚ್ಚಾ ದಾರಿಯ ಧೂಳು ಟ್ಯಾಂಕಿನ ಮುಚ್ಚಳದ ಗಾಳಿರಂಧ್ರವನ್ನು ಕಟ್ಟಿಬಿಡುತ್ತದೆ. ಆ ರಂಧ್ರ ಮುಚ್ಚಿದರೆ ಡೀಸೆಲ್ ಖಾಲಿಯಾದಂತೆ ಟ್ಯಾಂಕಿನೊಳಗೆ ನಿರ್ವಾತ ಬೆಳೆದು, ಅರ್ಧ ಗಂಟೆ ಓಡಿದ ಮೇಲೆ ಎಂಜಿನ್ ಸೊರಗತೊಡಗುತ್ತದೆ. ಮುಚ್ಚಳ ಸಡಿಲಿಸಿದಾಗ ಗಾಳಿ ಒಳಗೆ ನುಗ್ಗುವ ಸದ್ದು ಕೇಳಿಸಿ, ಗಾಡಿ ಸರಿಹೋದರೆ ಅಲ್ಲಿಗೆ ಪತ್ತೆ ಮುಗಿಯಿತು. ಬೇಲೂರು ಅರೆಮಲೆನಾಡು, ಅಲ್ಲಿ ಸಮಸ್ಯೆ ನೀರಿನದು. ಮಳೆಗಾಲದಲ್ಲಿ ಅರೆಬರೆ ತುಂಬಿದ ಟ್ಯಾಂಕಿನೊಳಗೆ ರಾತ್ರಿಯ ತಂಪಿಗೆ ತೇವ ಹನಿಗಟ್ಟಿ ತಳಕ್ಕೆ ಇಳಿಯುತ್ತದೆ. ಟ್ರ್ಯಾಕ್ಟರಿಗೆಂದು ಮನೆಯಲ್ಲಿ ಕ್ಯಾನು, ಬ್ಯಾರಲ್ಲುಗಳಲ್ಲಿ ಇಟ್ಟ ಡೀಸೆಲ್ಲನ್ನೇ ಪಿಕಪ್‌ಗೂ ಸುರಿಯುವ ರೂಢಿಯಿಂದ ತುಕ್ಕು, ನೀರು, ಕಸ ಮೂರೂ ಒಟ್ಟಿಗೆ ಬರುತ್ತವೆ. ಫಿಲ್ಟರ್ ತಳದ ಡ್ರೇನ್ ಸ್ಕ್ರೂ ಬಿಚ್ಚಿ ಗಾಜಿನ ಲೋಟಕ್ಕೆ ಒಂದಿಷ್ಟು ಇಳಿಸಿ ಹತ್ತು ನಿಮಿಷ ಬಿಟ್ಟರೆ ನೀರು ತಳದಲ್ಲಿ, ಡೀಸೆಲ್ ಮೇಲೆ ಬೇರೆಯಾಗಿ ನಿಲ್ಲುತ್ತದೆ. ನಡುವಿನ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಗಾಡಿ ಕೆಟ್ಟಾಗಲೆಲ್ಲ ‘ಬಂಕಿನ ಡೀಸೆಲ್ ಕಲಬೆರಕೆ’ ಎನ್ನುವ ಮಾತು ಬೇಗ ಬಾಯಿಗೆ ಬರುತ್ತದೆ. ಕಲಬೆರಕೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಆದರೆ ಬಂಕಿನಿಂದ ನೇರವಾಗಿ ಹಿಡಿದ ಡೀಸೆಲ್ ಮತ್ತು ಗಾಡಿಯ ಫಿಲ್ಟರಿನಿಂದ ಇಳಿಸಿದ ಡೀಸೆಲ್ ಎರಡನ್ನೂ ಪಕ್ಕಪಕ್ಕ ಲೋಟದಲ್ಲಿಟ್ಟು ನೋಡದೆ ಬಂಕಿನ ಮೇಲೆ ಹೊರಿಸುವುದು ನ್ಯಾಯವಲ್ಲ.

ಡೀಸೆಲ್ಲಿನ ಗುಣವೇ ಬದಲಾಗಿರುವುದು ಇನ್ನೊಂದು, ಕಡಿಮೆ ಗಮನ ಸೆಳೆದ ಕಾರಣ. 2017ರ ಏಪ್ರಿಲ್‌ನಿಂದ ದೇಶದಾದ್ಯಂತ ಭಾರತ್ ಸ್ಟೇಜ್ 4, 2020ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ 6 ಇಂಧನ ಬಂತು. ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್ಲಿನ ಆರೊಮ್ಯಾಟಿಕ್ ಅಂಶಗಳೂ ಕಡಿಮೆಯಾಗುತ್ತವೆ. ಹಳೆಯ ಪಂಪುಗಳ ನೈಟ್ರೈಲ್ ರಬ್ಬರ್ ಸೀಲುಗಳು ವರ್ಷಗಟ್ಟಲೆ ಆ ಅಂಶಗಳನ್ನು ಹೀರಿ ಉಬ್ಬಿ, ಗಟ್ಟಿಯಾಗಿ ಕೂತಿರುತ್ತವೆ. ಅವು ಕಡಿಮೆಯಾದಾಗ ಕುಗ್ಗಿ ಸೋರತೊಡಗುತ್ತವೆ. ಅಮೆರಿಕದಲ್ಲಿ 1993ರಲ್ಲಿ ಕಡಿಮೆ ಗಂಧಕದ ಡೀಸೆಲ್ ಬಂದಾಗ ಹಳೆಯ ಗಾಡಿಗಳ ಸೀಲು ಸೋರಿದ ದೂರುಗಳು ಬಂದಿದ್ದವು. ಹಾಗೆಂದು ಹೊಸ ಡೀಸೆಲ್ಲನ್ನೇ ದೂರುವುದು ತಪ್ಪು. ಗಂಧಕ ತೆಗೆದಾಗ ಕುಗ್ಗುವ ಜಾರುಗುಣವನ್ನು ಸಂಯೋಜಕಗಳಿಂದ ತುಂಬಿಕೊಡಲಾಗುತ್ತದೆ, ಅದಕ್ಕೆ ಮಾನದಂಡವೂ ಇದೆ. ಹಳೆಯ ಗಾಡಿಗೆ ಬೇಕಾಗಿರುವುದು ಹೊಸ ಸೀಲು ಸೆಟ್ಟು. ಡೀಸೆಲ್‌ಗೆ ಎಂಜಿನ್ ಆಯಿಲ್ ಬೆರೆಸುವ ಮನೆಮದ್ದು ಬೇಡ. ಸುಟ್ಟ ಆಯಿಲಿನ ಕರಿ ನಾಝಲ್ ಬಾಯಿಗೇ ಕೂರುತ್ತದೆ.

ಕ್ಯಾನ್ ಪರೀಕ್ಷೆಯಲ್ಲಿ ದೋಷ ಉಳಿದರೆ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ಹುಡುಕಬೇಕು. ಮೆಕ್ಯಾನಿಕಲ್ ಪಂಪಿನ ಗಾಡಿಯಲ್ಲಿ ಸ್ಲೋನಲ್ಲಿ ಓಡುತ್ತಿರುವಾಗ ಒಂದೊಂದೇ ನಾಝಲ್‌ನ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸುತ್ತಾ ಹೋಗುತ್ತಾರೆ. ಕಣ್ಣಿಗೆ ಕನ್ನಡಕ ಇರಬೇಕು, ನಟ್ಟಿನ ಮೇಲೆ ಬಟ್ಟೆ ಹಾಕಿರಬೇಕು. ಬೆರಳನ್ನು ಚಿಮ್ಮುವ ಡೀಸೆಲ್ಲಿಗೆ ಅಡ್ಡ ಹಿಡಿಯಲೇಬಾರದು, ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಹೊಕ್ಕರೆ ಆಸ್ಪತ್ರೆಯ ಪಾಲಾಗಬೇಕಾಗುತ್ತದೆ. ಸರಿಯಿರುವ ಸಿಲಿಂಡರಿನ ನಟ್ಟು ಸಡಿಲಿಸಿದಾಗ ಎಂಜಿನ್ ಕುಸಿದು ನಡುಗುತ್ತದೆ. ಯಾವುದನ್ನು ಸಡಿಲಿಸಿದಾಗ ಸದ್ದಿನಲ್ಲಿ ವ್ಯತ್ಯಾಸ ಬಾರದೋ ಅದೇ ತಪ್ಪಿತಸ್ಥ. ಆದರೆ ತಪ್ಪು ಆ ನಾಝಲ್‌ನದೋ ಸಿಲಿಂಡರಿನದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಆ ನಾಝಲನ್ನು ಪಕ್ಕದ ಸಿಲಿಂಡರಿನದರೊಂದಿಗೆ ಅದಲು ಬದಲು ಮಾಡಬೇಕು. ದೋಷ ನಾಝಲ್ ಜೊತೆ ಹೊಸ ಜಾಗಕ್ಕೆ ಹೋದರೆ ನಾಝಲ್ ಕೆಟ್ಟಿದೆ. ಹಳೆಯ ಜಾಗದಲ್ಲೇ ಉಳಿದರೆ ಕಂಪ್ರೆಷನ್ ನೋಡಬೇಕು, ಅಥವಾ ಪಂಪಿನ ಆ ಸಾಲಿನ ಡೆಲಿವರಿ ವಾಲ್ವು. ಕಂಪ್ರೆಷನ್ ಎಂದೊಡನೆ ಬೋರ್ ಕೆಲಸಕ್ಕೆ ಇಳಿಯಬೇಕಿಲ್ಲ. ಟ್ಯಾಪೆಟ್ ಸಂದು ಇಲ್ಲವಾಗಿ ವಾಲ್ವು ಪೂರ್ತಿ ಮುಚ್ಚದಿದ್ದರೂ ಕಂಪ್ರೆಷನ್ ಬೀಳುತ್ತದೆ; ಫೀಲರ್ ಗೇಜಿನಿಂದ ಟ್ಯಾಪೆಟ್ ಸರಿಮಾಡುವುದು ಅರ್ಧ ದಿನದ ಕೆಲಸ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಎಂದು ಹೊಮ್ಮಿದರೆ, ಮಿಸ್ತ್ರಿಗಳು ಬ್ಯಾಕ್ ಕಂಪ್ರೆಷನ್ ಎನ್ನುವ ಸ್ಥಿತಿ ಬಂದಿದೆ, ರಿಂಗು ಸವೆದಿವೆ. ಟಾಟಾ ಏಸ್‌ನಂಥ ಎರಡು ಸಿಲಿಂಡರಿನ ಗಾಡಿಯನ್ನು ನಾಲ್ಕು ಸಿಲಿಂಡರಿನ ಅಳತೆಗೋಲಿನಿಂದ ಅಳೆಯಬಾರದು. ಅದು ಹೊಸದಿರುವಾಗಲೂ ಸ್ಲೋನಲ್ಲಿ ಕುಲುಕುತ್ತದೆ. ಅದರಲ್ಲಿ ಒಂದು ಸಿಲಿಂಡರ್ ಸೋತರೆ ಅರ್ಧ ಎಂಜಿನ್ನೇ ಹೋದಂತೆ, ಆದ್ದರಿಂದ ಬಹುಪಾಲು ಆಫ್ ಆಗಿಯೇ ತಿಳಿಸುತ್ತದೆ.

ಎತ್ತರದ ಪ್ರಶ್ನೆಯೂ ಆಗಾಗ ಬರುತ್ತದೆ. ಅರಸೀಕೆರೆ ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್, ಬೇಲೂರು ಸುಮಾರು 970 ಮೀಟರ್ ಎತ್ತರದಲ್ಲಿವೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ನೂರಕ್ಕೆ 9ರಿಂದ 11ರಷ್ಟು ಕಡಿಮೆ. ಘಾಟಿ ಹತ್ತಿ ಬಂದ ಮೇಲೆ ಸ್ಲೋ ಕೆಟ್ಟಿತು, ತೆಳು ಗಾಳಿಯೇ ಕಾರಣ ಎನ್ನುವುದು ಮೇಲುನೋಟಕ್ಕೆ ಸರಿಯೆನಿಸುತ್ತದೆ. ಆದರೆ ಡೀಸೆಲ್ ಎಂಜಿನ್‌ಗೆ ಪೆಟ್ರೋಲ್ ಎಂಜಿನ್‌ನಂತೆ ಥ್ರಾಟಲ್ ಇಲ್ಲ. ಸ್ಲೋನಲ್ಲಿಯೂ ಅದು ಸಿಲಿಂಡರ್ ತುಂಬ ಗಾಳಿ ಎಳೆಯುತ್ತದೆ. ಮೇಲೆ ಹೇಳಿದ ಮುಕ್ಕಾಲು ಲೀಟರ್ ಡೀಸೆಲ್ ಉರಿಯಲು ಬೇಕಾದ್ದಕ್ಕಿಂತ ಐದಾರು ಪಟ್ಟು ಗಾಳಿ ಅಲ್ಲಿರುತ್ತದೆ. ಅದರಲ್ಲಿ ಹತ್ತನೇ ಒಂದು ಪಾಲು ಕಡಿಮೆಯಾದರೆ ಲೋಡಿನ ಗಾಡಿಯ ಎಳೆತ ಕುಗ್ಗೀತು, ಸ್ಲೋ ಕೆಡದು. ಘಾಟಿ ಹತ್ತಿದ ಮೇಲೆ ಕೆಟ್ಟರೆ ಫಿಲ್ಟರ್ ನೋಡಬೇಕು: ಹತ್ತುವಾಗ ಹೆಚ್ಚು ಡೀಸೆಲ್ ಎಳೆದಾಗ ಟ್ಯಾಂಕಿನ ತಳದ ಕಸ ಎದ್ದು ಬಂದು ಅಲ್ಲಿ ಕೂತಿರುತ್ತದೆ. ಎತ್ತರಕ್ಕಿಂತ ಚಳಿಯ ಪಾತ್ರ ದೊಡ್ಡದು. ಧನುರ್ಮಾಸದ ಬೆಳಿಗ್ಗೆ 14 ಡಿಗ್ರಿ ಇದ್ದು ಮಧ್ಯಾಹ್ನ 30 ಡಿಗ್ರಿ ಆದರೆ, ಆ 16 ಡಿಗ್ರಿಯ ವ್ಯತ್ಯಾಸ ಸಿಲಿಂಡರಿನೊಳಗೆ ಗಾಳಿ ಒತ್ತಿ ಬಿಸಿಯಾದ ಕೊನೆಯಲ್ಲಿ ಸುಮಾರು 40 ಡಿಗ್ರಿಯ ವ್ಯತ್ಯಾಸವಾಗುತ್ತದೆ. ಕಂಪ್ರೆಷನ್ ಸ್ವಲ್ಪ ಕುಸಿದ ಸಿಲಿಂಡರ್ ಹೊತ್ತಿಕೊಳ್ಳಲು ತಡಮಾಡಿ, ಉರಿಯದ ಡೀಸೆಲ್ ಬಿಳಿ ಹೊಗೆಯಾಗಿ ಹೊರಬರುತ್ತದೆ. ಹೀಟರ್ ಪ್ಲಗ್ ಇರುವ ಎಂಜಿನ್‌ಗಳಲ್ಲಿ ಒಂದು ಪ್ಲಗ್ ಸುಟ್ಟಿದ್ದರೆ ಮೊದಲ ಎರಡು ಮೂರು ನಿಮಿಷ ಮಾತ್ರ ಮಿಸ್ಸಿಂಗ್ ಇದ್ದು, ಬಿಸಿಯಾದ ಮೇಲೆ ಎಲ್ಲ ಸರಿಹೋಗುತ್ತದೆ. ಪೆಟ್ರೋಲ್ ಗಾಡಿಯ ತಿಳಿವಳಿಕೆಯನ್ನು ಇಲ್ಲಿಗೆ ತಂದು ಇನ್‌ಟೇಕ್ ಪೈಪಿನ ಗಾಳಿ ಸೋರಿಕೆ ಹುಡುಕುವುದೂ ಬಹುಪಾಲು ವ್ಯರ್ಥ. ಇನ್‌ಟೇಕಿನ ನಿರ್ವಾತದಿಂದ ನಡೆಯುವ ನ್ಯೂಮ್ಯಾಟಿಕ್ ಗವರ್ನರ್ ಇರುವ ಬಹಳ ಹಳೆಯ ಇನ್‌ಲೈನ್ ಪಂಪುಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ಅವುಗಳ ಡಯಾಫ್ರಮ್ ಹರಿದರೂ ನಿರ್ವಾತದ ಪೈಪು ಬಿರುಕು ಬಿಟ್ಟರೂ ಸ್ಲೋ ಕೈತಪ್ಪುತ್ತದೆ.

ಹಾಗಾದರೆ ಪಂಪು ಎಂದೂ ಕೆಡುವುದಿಲ್ಲವೇ? ಕೆಡುತ್ತದೆ. ಗವರ್ನರ್ ತೂಕಗಳ ಪಿನ್ನು, ಲಿವರ್ ಶಾಫ್ಟಿನ ಬುಷ್, ಪ್ಲಂಜರ್ ಎಲ್ಲವೂ ಸವೆಯುತ್ತವೆ; ನೀರು ಹೊಕ್ಕರೆ ತಿಂಗಳೊಳಗೇ ಸವೆಯಬಹುದು. ಲಿವರ್ ಶಾಫ್ಟ್ ಸುತ್ತ ಡೀಸೆಲ್ ತೇವ, ಬಿಸಿಯಾದಾಗ ಮಾತ್ರ ಆಫ್ ಆಗುವುದು, ಬಿಸಿ ಎಂಜಿನ್ ಮತ್ತೆ ಚಾಲೂ ಆಗಲು ಸತಾಯಿಸುವುದು ಇವೆಲ್ಲ ಸವೆದ ಪಂಪಿನ ಲಕ್ಷಣ. ಬಿಸಿಗೆ ಡೀಸೆಲ್ ತೆಳುವಾಗಿ ಸವೆದ ಸಂದಿನಲ್ಲಿ ಹಿಂದಕ್ಕೆ ಜಾರುತ್ತದೆ. ಪಂಪಿನ ಮೇಲೆ ತಣ್ಣನೆಯ ಒದ್ದೆ ಬಟ್ಟೆ ಹಾಕಿದಾಗ ಗಾಡಿ ಚಾಲೂ ಆದರೆ ಪಂಪು ಬಿಚ್ಚಿಸುವ ಕಾಲ ಬಂದಿದೆ. ಆದರೆ ಪಂಪಿನ ಕೆಲಸ ಟೆಸ್ಟ್ ಬೆಂಚ್ ಮೇಲೆ ಆಗಬೇಕಾದದ್ದು. ಗಾಡಿಯ ಮೇಲಿರುವಂತೆಯೇ ಸೀಲು ಒಡೆದು ಒಳಗಿನ ಸ್ಕ್ರೂಗಳನ್ನು ತಿರುಗಿಸಿದರೆ ನಾಲ್ಕೂ ಸಾಲಿಗೆ ಸಮನಾಗಿ ಡೀಸೆಲ್ ಹೋಗುತ್ತಿದೆಯೇ ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಎಂಟು ವರ್ಷ ದಾಟಿದ ಸಾಗಣೆ ಗಾಡಿಗೆ ಪ್ರತಿವರ್ಷ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಆಗಬೇಕು. ಹೊಗೆ ತಪಾಸಣೆಯೂ ಸ್ಲೋನಿಂದಲೇ ಶುರುವಾಗುತ್ತದೆ: ಸ್ಲೋನಲ್ಲಿರುವ ಎಂಜಿನ್ನಿಗೆ ಒಮ್ಮೆಲೇ ಪೂರ್ತಿ ರೇಸ್ ಕೊಟ್ಟು ಹೊಗೆಯ ದಟ್ಟಣೆ ಅಳೆಯುತ್ತಾರೆ. ಭಾರತ್ ಸ್ಟೇಜ್ 4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಮಿತಿ 65 ಹಾರ್ಟ್ರಿಜ್ ಯೂನಿಟ್, ಸ್ಟೇಜ್ 4ರದಕ್ಕೆ 50. ಸ್ಕ್ರೂಗಳಲ್ಲಿ ಕೈಯಾಡಿಸಿದ ಪಂಪು ಸಾಮಾನ್ಯವಾಗಿ ಸಿಕ್ಕಿಬೀಳುವುದು ಇಲ್ಲೇ.

ಕೊನೆಯ ಆಕ್ಷೇಪ ಹೊಸ ತಲೆಮಾರಿನ ಗಾಡಿಗಳದು. ಬೊಲೆರೊ ಪಿಕಪ್‌ಗೆ ಕಾಮನ್ ರೈಲ್ ಎಂಜಿನ್ (ಎಲ್ಲ ಇಂಜೆಕ್ಟರುಗಳಿಗೂ ‘ರೈಲ್’ ಎಂಬ ಒಂದೇ ಒತ್ತಡದ ಕೊಳವೆಯಿಂದ ಡೀಸೆಲ್ ಹೋಗುವಂಥದ್ದು) ಬಂದು ವರ್ಷಗಳಾಗಿ, ಅವೂ ಈಗ ಹಳೆಯ ಗಾಡಿಗಳ ಸಾಲಿಗೆ ಸೇರುತ್ತಿವೆ. ಸ್ಕ್ಯಾನರ್ ಇಲ್ಲದೆ ಅವನ್ನು ಮುಟ್ಟುವಂತಿಲ್ಲ, ಹಾಗಾಗಿ ಟ್ಯಾಂಕಿನಿಂದ ಶುರುಮಾಡುವ ಹಳೆಯ ಕ್ರಮ ಇಲ್ಲಿ ಸಲ್ಲದು ಎಂಬ ವಾದವಿದೆ. ಸ್ಕ್ಯಾನರ್ ಬೇಕು, ನಿಜ. ಅವುಗಳಲ್ಲಿ ತಿರುಗಿಸಲು ಸ್ಲೋ ಸ್ಕ್ರೂ ಕೂಡ ಇಲ್ಲ. ರೈಲಿನ ಒತ್ತಡ ಸಾವಿರ ಬಾರ್ ಮೀರುವುದರಿಂದ ಪೈಪಿನ ನಟ್ಟು ಸಡಿಲಿಸುವ ಪರೀಕ್ಷೆ ಅಲ್ಲಿ ಪ್ರಾಣಾಪಾಯ, ಎಂದೂ ಮಾಡಬಾರದು. ಆದರೆ ‘ರೈಲ್ ಪ್ರೆಷರ್ ಕಡಿಮೆ’ ಎಂದು ಸ್ಕ್ಯಾನರ್ ತೋರಿಸಿದರೆ ಅದು ಹೇಳಿದ್ದು ಫಲವನ್ನು ಮಾತ್ರ. ಫಿಲ್ಟರ್ ಕಟ್ಟಿದ್ದರೂ, ಹೋಸ್‌ನಲ್ಲಿ ಗಾಳಿ ನುಗ್ಗಿದರೂ, ಇಂಜೆಕ್ಟರ್ ಹಿಂದಕ್ಕೆ ಹೆಚ್ಚು ಸುರಿದರೂ, ಪಂಪು ಸವೆದರೂ ಅದು ಬರೆಯುವ ಸಾಲು ಹೆಚ್ಚುಕಡಿಮೆ ಒಂದೇ. ಅವುಗಳನ್ನು ಬೇರ್ಪಡಿಸಲು ಮತ್ತೆ ಫಿಲ್ಟರಿಗೂ ಪಾರದರ್ಶಕ ಪೈಪಿಗೂ ಹೋಗಬೇಕು. ಇಂಜೆಕ್ಟರುಗಳ ಪರೀಕ್ಷೆಗೆ ನಾಲ್ಕು ರಿಟರ್ನ್ ಪೈಪುಗಳನ್ನು ಒಂದೇ ಅಳತೆಯ ನಾಲ್ಕು ಬಾಟಲಿಗೆ ಬಿಟ್ಟು ಕೆಲವು ನಿಮಿಷ ಓಡಿಸುತ್ತಾರೆ; ಯಾವ ಬಾಟಲಿ ಉಳಿದವುಗಳಿಗಿಂತ ಬೇಗ ತುಂಬುತ್ತದೋ ಅದರ ಇಂಜೆಕ್ಟರ್ ಸೋತಿದೆ. ಮೊದಲು ಡೀಸೆಲ್ ಬರುವ ದಾರಿ, ಆಮೇಲೆ ಡೀಸೆಲ್ ಚಿಮ್ಮುವ ಜಾಗ, ಕೊನೆಗೆ ಪಂಪು ಎಂಬ ಅನುಕ್ರಮ ಇಲ್ಲಿಯೂ ಬದಲಾಗಿಲ್ಲ.

ಮೆಕ್ಯಾನಿಕಲ್ ಪಂಪಿನ ಗಾಡಿಯಲ್ಲಿ ಇಷ್ಟೆಲ್ಲ ಮುಗಿದು, ಪೈಪಿನಲ್ಲಿ ಗುಳ್ಳೆಯಿಲ್ಲ, ನಾಝಲ್ ಸರಿಯಿದೆ, ಟ್ಯಾಪೆಟ್ ನೋಡಿಯಾಗಿದೆ ಎಂದಾದ ಮೇಲೆ ಸ್ಲೋ ಸ್ಕ್ರೂವಿನ ಸರದಿ. ಎಂಜಿನ್ ಹದಿನೈದು ಇಪ್ಪತ್ತು ನಿಮಿಷ ಓಡಿ ಬಿಸಿಯಾಗಿರಬೇಕು, ಹೆಡ್‌ಲೈಟು ಆರಿರಬೇಕು, ಆಕ್ಸಿಲರೇಟರ್ ಕೇಬಲ್‌ಗೆ ತುಸು ಸಡಿಲ ಇರಬೇಕು. ಲಾಕ್ ನಟ್ಟು ಬಿಚ್ಚಿ, ಸ್ಕ್ರೂವನ್ನು ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಲೇ ತಿರುಗಿಸದೆ, ಆ ಎಂಜಿನ್ನಿನ ಕೈಪಿಡಿಯಲ್ಲಿ ಕೊಟ್ಟ ವೇಗಕ್ಕೆ ಟ್ಯಾಕೋಮೀಟರ್ ಇಟ್ಟು ಹೊಂದಿಸಬೇಕು. ಕಿವಿಯ ಅಂದಾಜು ಎರಡು ಸಿಲಿಂಡರಿನ ಗಾಡಿಯಲ್ಲಂತೂ ಮೋಸ ಮಾಡುತ್ತದೆ. ಆಮೇಲೆ ಒಮ್ಮೆ ಪೂರ್ತಿ ರೇಸ್ ಕೊಟ್ಟು ಕಾಲು ತೆಗೆದಾಗ ವೇಗ ಸೀದಾ ಇಳಿದು, ಕೆಳಗೆ ಬಿದ್ದು ಮೇಲೇಳದೆ ಅದೇ ಸುತ್ತಿಗೆ ನಿಲ್ಲುತ್ತದೆಯೇ ನೋಡಿ, ಲಾಕ್ ನಟ್ಟು ಬಿಗಿದು, ಹೊಂದಿಸಿದ ಸುತ್ತನ್ನೂ ತಾರೀಕನ್ನೂ ಸರ್ವಿಸ್ ಪುಸ್ತಕದಲ್ಲಿ ಬರೆಯಬೇಕು. ಮುಂದಿನ ಸಲ ಸ್ಲೋ ಇಳಿದರೆ ಎಷ್ಟು ಇಳಿದಿದೆ, ಎಷ್ಟು ದಿನದಲ್ಲಿ ಇಳಿದಿದೆ ಎಂಬ ಲೆಕ್ಕ ಆಗ ಕೈಯಲ್ಲಿರುತ್ತದೆ. ರಾತ್ರೋರಾತ್ರಿ ಇಳಿದಿದ್ದರೆ ಗಾಳಿಯನ್ನೋ ನೀರನ್ನೋ ಹುಡುಕಬೇಕು; ಆರು ತಿಂಗಳಲ್ಲಿ ಮೆಲ್ಲಗೆ ಇಳಿದಿದ್ದರೆ ನಾಝಲ್ ಅಥವಾ ಕಂಪ್ರೆಷನ್ ಸವೆತವನ್ನು.